ಸೌದೆಯ ಮೇಲಣ ಸೋಗೆ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಂತಹ, ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ವೃಷ್ಟಿಯಾಗುವ ಸೀಮೆಯಲ್ಲಿ, ಆಷಾಢದ ಮುಂಜಾನೆ ಬಚ್ಚಲೊಲೆಗೆ ಹಾಕಿದ ಸೌದೆ ಹೊಗೆಯಾಡದೆ ಹೊತ್ತಿಕೊಂಡಿತೆಂದರೆ, ಅದರ ಶ್ರೇಯಸ್ಸು ಫಾಲ್ಗುಣ ಚೈತ್ರಗಳ ಬಿಸಿಲಿಗೆ ಎಷ್ಟು ಸಲ್ಲತಕ್ಕದ್ದೋ ಒಟ್ಟಿಲಿಗೆ ಹೊದಿಕೆ ಹಾಕಿದವನ ವಿವೇಕಕ್ಕೂ ಅಷ್ಟೇ ಸಲ್ಲತಕ್ಕದ್ದು. ಸೌದೆಕೊಟ್ಟಿಗೆ ಉಳ್ಳವರ ಮಾತು ಬೇರೆ. ಅಂಗಳದಾಚೆ ಬಯಲಿನಲ್ಲಿ ಒಟ್ಟಿದ ಸೌದೆಯನ್ನು ಮಳೆಗಾಲ ದಾಟಿಸುವುದು ಒಂದು ವಿದ್ಯೆಯೇ ಸರಿ, ಮತ್ತು ಅದರಲ್ಲಿ ಏನನ್ನು ತೆರೆದಿಡಬೇಕೆಂಬ ಅರಿವೇ ಪ್ರಧಾನವಾದುದೆಂದು ನನ್ನ ದೃಢವಾದ ಅಭಿಪ್ರಾಯ.

ಹಸಿ ಮರದ ತೂಕದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ನೀರೇ ಇರುವುದುಂಟು. ಒಂದು ಕಿಲೋಗ್ರಾಂ ನೀರು ಕುದಿಯುವ ಹದದಿಂದ ಆವಿಯಾಗಲು ಸುಮಾರು 540 ಕಿಲೋಕ್ಯಾಲೊರಿ ಶಾಖ ವ್ಯಯವಾಗುವುದರಿಂದ, ತೇವದ ಕೊಳ್ಳಿ ಒಲೆಯ ಉಷ್ಣವನ್ನು ತಾನೇ ಹೀರಿಕೊಂಡು, ಜ್ವಾಲೆಯಾಗಬೇಕಿದ್ದ ಅನಿಲಗಳನ್ನು ಬರಿಯ ಹೊಗೆಯಾಗಿ ಹೊರಗೆಡಹುತ್ತದೆ. ಈ ನೀರು ಎಳೆಗಳ ಗುಂಟ ಸಾಗಿ ಕಡಿದ ತುದಿಗಳಿಂದ ಹೊರಬೀಳುವ ವೇಗವು ಪಕ್ಕಗಳಿಂದ ಆರುವುದಕ್ಕಿಂತ 10ರಿಂದ 15 ಪಟ್ಟು ಹೆಚ್ಚು. ಆದಕಾರಣ ಕಡಿದ ತುದಿಗಳಿಗೆ ಗಾಳಿ ಸೋಕದಂತೆ ಮಾಡುವ ಹೊದಿಕೆ, ಎಷ್ಟೇ ಬೆಲೆಬಾಳುವುದಾಗಿರಲಿ, ಸರ್ವಥಾ ವರ್ಜ್ಯ.

ಈಚೆಗೆ ಮನೆಮನೆಯಲ್ಲಿಯೂ ಕಾಣುವ ನೀಲಿ ಟಾರ್ಪಾಲನ್ನು ನೆಲದವರೆಗೂ ಸುತ್ತಿ ಕಲ್ಲು ಹೇರಿದ ಒಟ್ಟಿಲಿನ ಬಳಿಗೆ ಬೆಳಗ್ಗೆ ಹೋಗಿ, ಅಂಚೆತ್ತಿ ಒಳಮೈಯನ್ನು ಸವರಿದರೆ ಅಂಗೈಯೆಲ್ಲ ತೊಯ್ಯುತ್ತದೆ. ಸೌದೆಯ ಉಸಿರೇ ತಂಪಿಗೆ ಹನಿಗಟ್ಟಿ ಮರಳಿ ಸೌದೆಯ ಮೇಲೆ ತೊಟ್ಟಿಕ್ಕುತ್ತಿರುತ್ತದೆ, ತೊಗಟೆಯ ಸಂದಿನಲ್ಲಿ ಬಿಳಿಯ ಬೂಷ್ಟು ಹಬ್ಬಿರುತ್ತದೆ. ಮಳೆಗಾಲದ ಗಾಳಿಯೇ ಒದ್ದೆಯಲ್ಲವೇ, ತೆರೆದಿಟ್ಟು ಫಲವೇನು ಎಂದು ಕೇಳುವವರುಂಟು. ಆದರೆ ಗಾಳಿಯ ಆರ್ದ್ರತೆ ಶೇಕಡಾ 90ರಷ್ಟಿದ್ದಾಗಲೂ ಒಣಗಿದ ಮರ ಅದರಿಂದ ಹೀರಬಲ್ಲ ತೇವವು ತನ್ನ ಒಣತೂಕದ ಶೇಕಡಾ 20ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ, ಮತ್ತು ಅಷ್ಟು ತೇವದ ಸೌದೆ ಚೆನ್ನಾಗಿಯೇ ಉರಿಯುತ್ತದೆ. ಕೆಡಿಸುವುದು ಮೈಮೇಲೆ ಸುರಿದ ನೀರು, ಬುಡದಿಂದ ಏರಿದ ನೀರು, ಹೊರಹೋಗಲಾರದೆ ಸೆರೆಯಾದ ನೀರು.

ಹಳೆಯ ಸೋಗೆಯ ಹೊದಿಕೆಯನ್ನು ನಾನು ಮೆಚ್ಚುವುದು ಈ ಕಾರಣದಿಂದಲೇ. ಜಂಬಿಟ್ಟಿಗೆಯ ಮೇಲೆ ಗಳುಗಳನ್ನಿಟ್ಟು, ಗೆದ್ದಲಿನ ಮಣ್ಣುಗೂಡು ಏರಿದರೆ ಕಣ್ಣಿಗೆ ಬೀಳುವಂತೆ ಬುಡವನ್ನು ಒಂದಡಿ ಎತ್ತರಿಸಿ, ಒಟ್ಟಿಲನ್ನು ಪೂರ್ವಪಶ್ಚಿಮವಾಗಿ ಉದ್ದಕ್ಕೆ ಒಟ್ಟತಕ್ಕದ್ದು. ಆಗ ಪಡುವಣ ಗಾಳಿಯ ಎರಚಲು ತಗಲುವುದು ಕಿರಿದಾದ ಒಂದು ಪಕ್ಕಕ್ಕೆ ಮಾತ್ರ, ಅಲ್ಲಿಗೆ ಒಂದು ತಟ್ಟಿ ಕಟ್ಟಿದರೆ ಸಾಕು, ಕಡಿದ ತುದಿಗಳಿರುವ ಎರಡು ಉದ್ದ ಪಕ್ಕಗಳು ಗಾಳಿಗೆ ತೆರೆದೇ ಇರುತ್ತವೆ. ಒಟ್ಟಿಲಿನ ನೆತ್ತಿಗೂ ಮಾಡಿಗೂ ನಡುವೆ ಒಂದು ಗೇಣು ಎಡೆಬಿಟ್ಟು, ಅಡಕೆಯ ಸೋಗೆಯನ್ನು ಸೂರಿನಿಂದ ಮೇಲ್ಮೇಲಕ್ಕೆ, ಕೆಳಗಿನದರ ಬುಡವನ್ನು ಮೇಲಿನದರ ತುದಿ ಮರೆಮಾಡುವಂತೆ, ಎರಡು ಪದರ ಹೊದೆಸಿ, ಅಡ್ಡಕ್ಕೆ ಅಡಕೆದಬ್ಬೆ ಹೇರಿ ಬಿಗಿದರೆ, ಹನಿಯು ಗರಿಯಿಂದ ಗರಿಗೆ ಜಾರಿ ಮೊಳದಷ್ಟು ಮುಂಚಾಚಿದ ಸೂರಿನಿಂದ ದೂರಕ್ಕೆ ಬೀಳುತ್ತದೆ; ಒಳಗಿನ ಆವಿಗೆ ಮಾತ್ರ ತಡೆಯಿಲ್ಲ. ಸೋಗೆ ಸಾಲದ ಊರಿನಲ್ಲಿ ಹೆಂಚು ಆಗಬಹುದು; ಟಾರ್ಪಾಲೇ ಗತಿಯಾದರೆ ಅದನ್ನು ಮಾಡಾಗಿ ಮಾತ್ರ ಎಳೆದು ಕಟ್ಟಲಿ.

ರೋಹಿಣಿ ಮಳೆಗೆ ಮುನ್ನವೇ ಈ ಕೆಲಸ ಮುಗಿದಿರತಕ್ಕದ್ದು. ಬಳಸುವಾಗಲೂ ಮೂಡಣ ತುದಿಯಿಂದ, ನೆತ್ತಿಯಿಂದ ಬುಡದವರೆಗೆ ಒಂದೊಂದೇ ಸಾಲನ್ನು ಬಿಚ್ಚುತ್ತ ಬಂದರೆ, ತಟ್ಟಿ ಕಟ್ಟಿದ ಪಡುವಣ ಪಕ್ಕ ಕಡೆಯ ತನಕ ಕದಲುವುದಿಲ್ಲ.