ಮುಳುಗಡೆಯವರ ಪಾಲು

2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿ, ಎರಡೇ ದಿನದಲ್ಲಿ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆಯ ಜಗಳವೆಲ್ಲ ಬೆಂಗಳೂರಿನ ಐಟಿ ಕಂಪನಿಗಳ ಸುತ್ತಲೇ ನಡೆಯಿತು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಎಂಬ ಲೆಕ್ಕಕ್ಕೆ ಕೆಲವರು ಹಿಗ್ಗಿದರು, ಉದ್ಯಮಿಗಳು ಕೆಂಡವಾದರು. ಮಸೂದೆಯ ನಿಜವಾದ ಕೊರತೆ ಕಾಣಬೇಕಾದರೆ ಸಾಗರ, ಹೊಸನಗರದ ಕಡೆಯಿಂದ ನೋಡಬೇಕು. ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ನೆಲೆಸಿ, ಕನ್ನಡ ಬಲ್ಲವರೆಲ್ಲ ಅದರ ಪ್ರಕಾರ ಸ್ಥಳೀಯರೇ. ಶರಾವತಿಯ 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಗದ್ದೆ, ತೋಟ ಬಿಟ್ಟುಕೊಟ್ಟ ಮನೆಯ ಮೊಮ್ಮಗನಿಗೂ, ಅದರ ವಿದ್ಯುತ್ತನ್ನು ಉಣ್ಣುವ ರಾಜಧಾನಿಯ ನಿವಾಸಿಗೂ ಅಲ್ಲಿ ಒಂದೇ ಸಾಲು. ಹೊಸನಗರಕ್ಕಂತೂ ಶರಾವತಿಯದಲ್ಲದೆ ವಾರಾಹಿಯ ಮುಳುಗಡೆಯೂ ಸೇರಿಕೊಂಡಿದೆ.

ಇದೇ ಕೊರತೆ ನೈಜೀರಿಯಾದಲ್ಲೂ ಇತ್ತು. ಅಲ್ಲಿನ 2010ರ ಕಾಯ್ದೆ ತೈಲೋದ್ಯಮದ ನೌಕರಿ, ಗುತ್ತಿಗೆಗಳಲ್ಲಿ ಸ್ವದೇಶಿಯರಿಗೆ ಮೊದಲ ಮಣೆ ಹಾಕಿತು. ಆದರೆ ಎಣ್ಣೆ ಸೋರಿ ಹೊಳೆ ಕೆಟ್ಟ ನೈಜರ್ ಮುಖಜಭೂಮಿಯ ಬೆಸ್ತರೂ ಲಾಗೋಸಿನ ಗುತ್ತಿಗೆದಾರರೂ ಸ್ವದೇಶಿಯರೇ ತಾನೆ? 2021ರ ಪೆಟ್ರೋಲಿಯಂ ಕಾಯ್ದೆ ಬೇರೆ ದಾರಿ ಹಿಡಿಯಿತು: ಕಂಪನಿಗಳು ಹಿಂದಿನ ವರ್ಷದ ನಿರ್ವಹಣಾ ವೆಚ್ಚದ ಶೇ 3ರಷ್ಟನ್ನು ತೈಲ ತೆಗೆಯುವ ಊರುಗಳ ಟ್ರಸ್ಟಿಗೆ ಕಟ್ಟಬೇಕು. ಇದು ಸಾಲದೆಂಬ ಅಲ್ಲಿನವರ ದೂರು ನ್ಯಾಯವಾದದ್ದೇ. ಆದರೂ ದಾರಿ ಸರಿಯಿದೆ. ನೌಕರಿಯ ಬದಲು ಹಣದ ಪಾಲು ಎಂಬ ಈ ಮಾತು ಜಲವಿದ್ಯುತ್ತಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕಟ್ಟಿ ಮುಗಿದ ವಿದ್ಯುದಾಗಾರಕ್ಕೆ ಬೇಕಾಗುವ ಕೈಗಳೇ ಕಡಿಮೆ. 1,035 ಮೆಗಾವಾಟಿನ ಶರಾವತಿ ಕೇಂದ್ರದ ಎಲ್ಲ ಹುದ್ದೆಗಳನ್ನೂ ಮುಳುಗಡೆಯವರಿಗೇ ಕೊಟ್ಟರೂ ಸಾಗರದ ಕರೂರು ಸೀಮೆಯ ಬಹುಪಾಲು ಮನೆಗಳಿಗೆ ಅದು ಮುಟ್ಟದು.

ನೀರು ಇಡೀ ನಾಡಿನದು, ಒಂದು ತಾಲ್ಲೂಕಿಗೆ ಪಾಲೇಕೆ ಎಂದು ಕೇಳಬಹುದು. ಬಳ್ಳಾರಿಯ ಅದಿರೂ ನಾಡಿನದೇ; 2015ರ ತಿದ್ದುಪಡಿಯಿಂದ ರಾಜಧನದ ಮೇಲೆ ಶೇ 10ರಿಂದ 30ರಷ್ಟು ಹೆಚ್ಚುವರಿ ಹಣ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸೇರುತ್ತಿದೆ. ಕೋರ್ಟು ಒಪ್ಪೀತೇ ಎಂಬುದು ಇನ್ನೊಂದು ಅನುಮಾನ. 2023ರ ನವೆಂಬರಿನಲ್ಲಿ ಹರಿಯಾಣದ ಶೇ 75ರ ಕಾಯ್ದೆಯನ್ನು ಹೈಕೋರ್ಟ್ ರದ್ದು ಮಾಡಿದ್ದು ನಿಜ. ಅಲ್ಲಿ ಬಿದ್ದುಹೋದದ್ದು ಖಾಸಗಿ ನೌಕರಿಯ ಮೀಸಲಾತಿ; ಯೋಜನೆಯ ಆದಾಯದಲ್ಲಿ ಊರಿಗೆ ಪಾಲು ಕೊಡಬಾರದೆಂದು ಆ ತೀರ್ಪು ಹೇಳಿಲ್ಲ. ಹಣ ನಾಲ್ಕು ಪುಢಾರಿಗಳ ಪಾಲಾದೀತು ಎಂಬ ಆಕ್ಷೇಪವೇ ಇವೆಲ್ಲಕ್ಕಿಂತ ಗಟ್ಟಿ. ಗ್ರಾಮಸಭೆಯ ಮುಂದೆ ಲೆಕ್ಕ ಒಪ್ಪಿಸುವ ಕಟ್ಟುಪಾಡಿಲ್ಲದಿದ್ದರೆ ಹಾಗೇ ಆಗುತ್ತದೆ.

ಕೇಂದ್ರದ 2008ರ ಜಲವಿದ್ಯುತ್ ನೀತಿಯಲ್ಲಿ ಇಂಥ ಪಾಲಿದೆ: ಪ್ರದೇಶಾಭಿವೃದ್ಧಿ ನಿಧಿಗೆ ಶೇ 1ರಷ್ಟು ಉಚಿತ ವಿದ್ಯುತ್, ಬಾಧಿತ ಕುಟುಂಬಕ್ಕೆ 10 ವರ್ಷ ತಿಂಗಳಿಗೆ 100 ಯೂನಿಟ್. ಲಿಂಗನಮಕ್ಕಿಯವರು ನೀರಿಗೆ ಊರು ಬಿಟ್ಟುಕೊಟ್ಟದ್ದು ಇದಕ್ಕೆ 44 ವರ್ಷ ಮೊದಲು. ಈಗ ಶರಾವತಿಯ ತಲಕಳಲೆ–ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ (ಕಾಡಿನ ದೃಷ್ಟಿಯಿಂದ ಅದು ಬೇಡವೆಂದೇ ನನ್ನ ನಿಲುವು). ಇಂಥ ಯೋಜನೆಗಳಿಂದ ಪರಿಸರಕ್ಕೆ ಹಾನಿ ಅತ್ಯಲ್ಪ, ಪುನರ್ವಸತಿಯ ಪ್ರಶ್ನೆಯೇ ಇಲ್ಲ ಎಂಬ ನೆಪದಲ್ಲಿ ಕೇಂದ್ರದ 2023ರ ಮಾರ್ಗಸೂಚಿ ಅವಕ್ಕೆ ಆ ನಿಧಿಯಿಂದಲೇ ವಿನಾಯಿತಿ ಕೊಟ್ಟಿದೆ. ಉದ್ಯೋಗ ಮಸೂದೆಯನ್ನು ಸರ್ಕಾರ ಮತ್ತೆ ಕೈಗೆತ್ತಿಕೊಳ್ಳುವುದಾದರೆ, ಶೇಕಡಾವಾರು ಚರ್ಚಿಸುವ ಮೊದಲು ಶರಾವತಿ, ವಾರಾಹಿಗಳ ಆದಾಯದಲ್ಲಿ ಮುಳುಗಡೆ ಪಂಚಾಯಿತಿಗಳಿಗೆ ಇಂತಿಷ್ಟು ಪಾಲೆಂದು ಕಾನೂನಿನಲ್ಲೇ ಬರೆಯಲಿ.