ಆಳಿನ ಲೆಕ್ಕ

ಹತ್ತು ಜನ ಆರು ದಿನದಲ್ಲಿ ಮುಗಿಸುವ ಕೆಲಸವನ್ನು ಇಪ್ಪತ್ತು ಜನ ಎಷ್ಟು ದಿನದಲ್ಲಿ ಮುಗಿಸುತ್ತಾರೆ? ಮೂರು ದಿನವೆಂದು ಇಪ್ಪತ್ತೇಳು ವರ್ಷಗಳಿಂದ ಮಕ್ಕಳಿಂದ ಹೇಳಿಸುತ್ತ ಬಂದವಳು ನಾನು. ಆ ಉತ್ತರವನ್ನೇ ಪ್ರಶ್ನಿಸುವ ಪುಸ್ತಕವೊಂದನ್ನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳು ಈ ಸಲ ತಂದುಕೊಟ್ಟಳು. ಅದು ಫ್ರೆಡರಿಕ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ 'ದಿ ಮಿಥಿಕಲ್ ಮ್ಯಾನ್-ಮಂತ್'.

ಅರವತ್ತರ ದಶಕದಲ್ಲಿ ಐಬಿಎಂ ಕಂಪೆನಿಯ ಓಎಸ್/360 ಎಂಬ ದೊಡ್ಡ ತಂತ್ರಾಂಶದ ಹೊಣೆ ಹೊತ್ತಿದ್ದವರು ಬ್ರೂಕ್ಸ್. ತಡವಾದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಹೊಸಬರಿಗೆ ಕಲಿಸಲು ಹಳಬರು ತಮ್ಮ ಕೆಲಸ ಬಿಡಬೇಕು. ಐದು ಜನರಿದ್ದರೆ ಪರಸ್ಪರ ಮಾತಿನ ಜೋಡಿಗಳು 10, ಹತ್ತು ಜನರಾದರೆ 45. ಮದುವೆಮನೆಯ ಅಡುಗೆಗೆ ಕೊನೆಗಳಿಗೆಯಲ್ಲಿ ಕೈಹಾಕುವವರು ಉಪ್ಪಿನ ಡಬ್ಬ ಎಲ್ಲಿ, ಸೌಟು ಎಲ್ಲಿ ಎಂದು ಕೇಳುವುದನ್ನು ಕಂಡ ನಮಗೆ ಇದು ಹೊಸದೇನಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಎಲ್ಲರಿಗೂ ಎಲ್ಲವೂ ಗೊತ್ತಿರಬೇಕೆಂದು ಬ್ರೂಕ್ಸ್ ಮೊದಲು ನಂಬಿದ್ದರು. ಒಂದು ಭಾಗದ ಒಳಗುಟ್ಟು ಇನ್ನೊಂದು ಭಾಗದವರಿಗೆ ಬೇಕಿಲ್ಲವೆಂದು ಡೇವಿಡ್ ಪಾರ್ನಸ್ ವಾದಿಸಿದ್ದರು. 1995ರ ಆವೃತ್ತಿಯಲ್ಲಿ ಬ್ರೂಕ್ಸ್, ಪಾರ್ನಸ್ ಹೇಳಿದ್ದೇ ಸರಿ, ತಪ್ಪು ತಮ್ಮದು ಎಂದು ನೇರವಾಗಿ ಒಪ್ಪಿಕೊಂಡರು. ಹಳೆಯ ಅಧ್ಯಾಯವನ್ನು ತಿದ್ದಿ ಮುಚ್ಚಿಹಾಕಲಿಲ್ಲ.

ಆದರೂ ನನ್ನದೊಂದು ತಕರಾರಿದೆ. ಪುಸ್ತಕ ಬರೆದಿರುವುದು ಮೇಲಿನವರ ಕುರ್ಚಿಯಿಂದ. ಕೆಟ್ಟ ಸುದ್ದಿ ಕೇಳಿದ ಕೂಡಲೇ ಮೇಲಧಿಕಾರಿ ಮಧ್ಯೆ ಬಾಯಿ ಹಾಕಬಾರದೆಂಬ ಒಳ್ಳೆಯ ಮಾತು ಅದರಲ್ಲಿದೆ. ಆದರೆ ಆತ ಹಾಕಿಯೇಬಿಟ್ಟರೆ? ಮಗಳ ತಂಡದಲ್ಲೂ ಕೆಲಸ ಮುಗಿದ ಮೇಲೆ ಎಲ್ಲರೂ ಕೂತು, ಎಲ್ಲಿ ಎಡವಿದೆವು ಎಂದು ಮಾತಾಡುತ್ತಾರಂತೆ. "ಯಾರಮ್ಮ ನಿಜ ಹೇಳ್ತಾರೆ? ಟೈಮ್ ಸಾಲಲಿಲ್ಲ ಅಂತ ಬರೆದು ಎದ್ದುಬರ್ತೀವಿ" ಎಂದಳು. ಕೊನೆಯ ಕುರ್ಚಿಯ ಹುಡುಗಿ ಏನು ಮಾಡಬೇಕೆಂಬುದು ನನಗೆ ಈ ಪುಸ್ತಕದಲ್ಲಿ ಸಿಗಲಿಲ್ಲ.

ಹಾಗೆಂದು ಅವಳೆದುರು ದೊಡ್ಡದಾಗಿ ಹೇಳುತ್ತಿದ್ದಾಗ ನನಗೇ ಚುರುಕ್ಕೆಂದಿತು. ನಮ್ಮ ಶಾಲೆಗೆ ಬಂದ ಕಿರಿಯ ಶಿಕ್ಷಕಿಯೊಬ್ಬರು ಮಕ್ಕಳನ್ನು ಗುಂಪಾಗಿ ಕೂರಿಸಿ ಓದಿಸತೊಡಗಿದಾಗ, ಬರೀ ಗಲಾಟೆ ಎಂದು ಮುಖ್ಯೋಪಾಧ್ಯಾಯರ ಮುಂದೆ ದೂರಿದವಳು ನಾನೇ. ಮರುವರ್ಷ ಆ ಮಕ್ಕಳು ನನ್ನ ತರಗತಿಗೆ ಬಂದು ತಡವರಿಸದೆ ಓದಿದರು. ನಾನು ಸದ್ದಿಲ್ಲದೆ ಆಕೆಯ ಕ್ರಮವನ್ನೇ ಹಿಡಿದೆ. ತಪ್ಪು ನನ್ನದೆಂದು ಮಾತ್ರ ಹೇಳಲಿಲ್ಲ. ಅಲ್ಲಿ ಮೇಲಿನ ಕುರ್ಚಿ ನನ್ನದಾಗಿತ್ತು.

ಆಕೆಗೀಗ ಬೇರೆ ತಾಲ್ಲೂಕಿಗೆ ವರ್ಗವಾಗಿದೆ. ಭಾನುವಾರ ಫೋನ್ ಮಾಡಬೇಕು.