ಕಡೂರು ಸೀಮೆಯ ಕಂಬಳಿಯೂ ಉಡುಗೆಯ ಚರಿತ್ರೆಯೂ

ಕನ್ನಡನಾಡಿನ ಉಡುಗೆತೊಡುಗೆಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಎರಡು ಸಾಕ್ಷಿಗಳನ್ನು ಕರೆಯುತ್ತಾರೆ: ಒಂದು ಕಾವ್ಯ, ಇನ್ನೊಂದು ದೇವಾಲಯದ ಶಿಲ್ಪ. ಕಾವ್ಯದಲ್ಲಿ ದುಕೂಲವುಂಟು, ಪೀತಾಂಬರವುಂಟು. ಶಿಲ್ಪದಲ್ಲಿ ಕಟಿಸೂತ್ರವುಂಟು, ಕೇಯೂರವುಂಟು. ಎರಡನ್ನೂ ಸೇರಿಸಿ ಒಂದು ಪಟ್ಟಿಯನ್ನು ಮಾಡಿ, ಇದು ಹೊಯ್ಸಳರ ಕಾಲದ ಉಡುಪು, ಇದು ವಿಜಯನಗರದ ಕಾಲದ ಉಡುಪು ಎಂದು ಹೆಸರಿಡುತ್ತಾರೆ. ಈ ಕ್ರಮವು ಎಷ್ಟುಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಈ ಲೇಖನದ ಉದ್ದೇಶ. ಈ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣ ಸುಲಭವಾದದ್ದು: ಮೇಲೆ ಹೇಳಿದ ಎರಡು ಸಾಕ್ಷಿಗಳೂ ಇಲ್ಲಿ ಉತ್ತಮವಾದುವು ದೊರೆಯುತ್ತವೆ, ಆದರೂ ಇಲ್ಲಿಯ ಜನ ತಲೆತಲಾಂತರದಿಂದ ಹೆಗಲಮೇಲೆ ಹಾಕಿಕೊಂಡು ಬಂದ ಬಟ್ಟೆಯ ವಿಷಯದಲ್ಲಿ ಆ ಸಾಕ್ಷಿಗಳೆರಡೂ ಮೌನವಾಗಿವೆ.

ಮೊದಲು ಶಿಲ್ಪದ ಮಾತು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇಗುಲವಿದೆ. ಅಲ್ಲಿಯ ಶಾಸನವನ್ನು ರಚಿಸಿದವನು ‘ಯಶೋಧರಚರಿತೆ’ಯ ಜನ್ನ, ಮಂಟಪದ ಕೆಲಸದಲ್ಲಿ ಕೈಯಿಟ್ಟವರಲ್ಲಿ ರೂವಾರಿ ಮಲ್ಲಿತಮ್ಮನೊಬ್ಬ. ಮಂಟಪದ ಸುತ್ತಿನ ಗೋಡೆಯಲ್ಲಿ ದಕ್ಷಿಣಕ್ಕೆ ರಾಮಾಯಣದ 70 ಫಲಕಗಳೂ ಉತ್ತರಕ್ಕೆ ಕೃಷ್ಣಚರಿತೆಯ 25, ಭಾರತದ 45 ಫಲಕಗಳೂ ಇವೆ. ಕಥೆಯನ್ನು ಓದಲು ಇವಕ್ಕಿಂತ ಹಿತವಾದ ಪುಸ್ತಕ ಬೇಕಾಗಿಲ್ಲ. ಆದರೆ ಹೊಯ್ಸಳ ರೂವಾರಿಗೆ ಬಟ್ಟೆ ಮುಖ್ಯವಲ್ಲ, ಒಡಲು ಮುಖ್ಯ. ಒಡಲಿಗಿಂತಲೂ ಒಡವೆ ಮುಖ್ಯ. ನಡುವಿನಿಂದ ಕೆಳಗೆ ನಾಲ್ಕು ಗೆರೆಗಳನ್ನು ಕೊರೆದು ಒಂದು ಅಂಚನ್ನು ತೋರಿಸಿದರೆ ಅವನ ನೇಯ್ಗೆ ಮುಗಿಯಿತು. ಮಳೆ ಚಳಿಗಳು ಆ ಲೋಕಕ್ಕಿಲ್ಲ. ಇದನ್ನು ನಂಬಿ, ಹನ್ನೆರಡನೆಯ ಶತಮಾನದ ತರೀಕೆರೆಯ ಒಕ್ಕಲಿಗನು ಆಷಾಢದ ಮಳೆಯಲ್ಲಿ ಬರಿಮೈಯಲ್ಲಿ ಕೇಯೂರವನ್ನು ತೊಟ್ಟು ಗದ್ದೆಗೆ ಹೋಗುತ್ತಿದ್ದನೆಂದು ಯಾರೂ ಹೇಳಲಾರರು. ಹೇಳಲಾರರೆಂದಮೇಲೆ, ಅರಸನ ವಿಷಯದಲ್ಲಿ ಮಾತ್ರ ಅದೇ ಕಲ್ಲನ್ನು ಪ್ರಮಾಣವೆಂದು ಹೇಗೆ ಹಿಡಿಯುವುದು? ಕಲ್ಲು ಹೇಳುವುದು ಲಕ್ಷಣವನ್ನು, ರೂಢಿಯನ್ನಲ್ಲ.

ಕಾವ್ಯದ ಸ್ಥಿತಿಯೂ ಬಹಳ ಬೇರೆಯಲ್ಲ. ಕಡೂರು ತಾಲ್ಲೂಕಿನ ದೇವನೂರು ‘ಜೈಮಿನಿ ಭಾರತ’ವನ್ನು ರಚಿಸಿದ ಲಕ್ಷ್ಮೀಶನ ಊರು, ಅವನ ಆರಾಧ್ಯದೈವವಾದ ಲಕ್ಷ್ಮೀರಮಣನ ಗುಡಿ ಅಲ್ಲಿದೆ. ದೇವನೂರಿನ ಸುತ್ತ ಕುರಿಯ ಹಿಂಡುಗಳೂ ಉಣ್ಣೆಯೂ ಕಂಬಳಿಯೂ ಇರುವುದು ಹೊಸದೇನೂ ಅಲ್ಲ. ಆದರೆ ವಾರ್ಧಕ ಷಟ್ಪದಿಯ ಆ ಇಂಪಾದ ಮಾತಿನಲ್ಲಿ ಬರುವ ಬಟ್ಟೆಗಳು ದೇವನೂರಿನ ಸಂತೆಯಿಂದ ಬಂದುವಲ್ಲ. ಸಂಸ್ಕೃತ ಕಾವ್ಯದ ಭಂಡಾರದಿಂದ ಬಂದುವು. ಇದನ್ನು ದೋಷವೆಂದು ನಾನು ಹೇಳುತ್ತಿಲ್ಲ. ಕವಿಯು ವರ್ತಕನಲ್ಲ, ಬಟ್ಟೆಯ ಪಟ್ಟಿಯನ್ನು ಕೊಡುವುದು ಅವನ ಕೆಲಸವಲ್ಲ. ದೋಷವಿದ್ದರೆ ಅವನನ್ನು ಹಾಗೆ ಓದುವ ನಮ್ಮದು.

ಆದರೂ ಲಕ್ಷ್ಮೀಶನಲ್ಲಿ ಒಂದು ಎಡೆಯಿದೆ. ವಾಲ್ಮೀಕಿಯ ತೋಟಕ್ಕೆ ಯಜ್ಞದ ಕುದುರೆ ನುಗ್ಗಿದಾಗ ಕಾವಲಿದ್ದ ಲವನು ಅದರ ಹಣೆಯ ಲೇಖನವನ್ನು ಓದಿ, ಕೆರಳಿ, ತನ್ನ ಉತ್ತರೀಯವನ್ನು ತೆಗೆದು ಅದರಿಂದ ಕುದುರೆಯನ್ನು ಬಾಳೆಯ ಮರಕ್ಕೆ ಕಟ್ಟುತ್ತಾನೆ. ಶಾಲೆಯ ಮಕ್ಕಳೆಲ್ಲರೂ ಬಲ್ಲ ಸಂದರ್ಭವಿದು. ಲವನ ಶೌರ್ಯವನ್ನು ಹೊಗಳಿ ಮುಂದೆ ಹೋಗುವುದು ನಮ್ಮ ಅಭ್ಯಾಸ. ನಿಂತು ನೋಡಿದರೆ ಇಲ್ಲಿ ಬಟ್ಟೆಯು ವರ್ಣನೆಗೆ ಬಂದುದಲ್ಲ, ಕೆಲಸಕ್ಕೆ ಬಂದುದು. ಹೊಲಿಗೆಯಿಲ್ಲದ ಒಂದು ಉದ್ದನೆಯ ಬಟ್ಟೆ ಹೆಗಲಮೇಲಿದ್ದರೆ ಉತ್ತರೀಯ. ಕೈಗೆ ಬಂದರೆ ಹಗ್ಗ. ಹಳ್ಳಿಯ ಬಾಳನ್ನು ಕಂಡವನಿಗಲ್ಲದೆ ಈ ಕ್ರಿಯೆ ಇಷ್ಟು ಸಹಜವಾಗಿ ತೋರುವುದಿಲ್ಲ. ಉಡುಗೆಯ ಚರಿತ್ರೆಕಾರನಿಗೆ ಕಾವ್ಯದಲ್ಲಿ ಬೇಕಾದುದು ಇಂತಹ ಕ್ರಿಯಾಪದಗಳು. ದುಕೂಲ ಪೀತಾಂಬರಗಳೆಂಬ ನಾಮಪದಗಳಲ್ಲ.

ಈ ದೃಷ್ಟಿಯಿಂದ ಕಂಬಳಿಯನ್ನು ನೋಡಬೇಕು. ಕಡೂರು ಅಜ್ಜಂಪುರಗಳ ಕಡೆ ಮಳೆ ಕಡಮೆಯಾದ ಬಯಲು. ಹುಲ್ಲುಗಾವಲು ಕಾವಲುಗಳ ನೆಲ. ಅಮೃತಮಹಲ್ ದನಗಳ ತಳಿಯ ಕೇಂದ್ರವು 1929ರಲ್ಲಿ ಅಜ್ಜಂಪುರದಲ್ಲಿ ಏರ್ಪಟ್ಟುದೂ ಈ ಗುಣದಿಂದಲೇ. ತರೀಕೆರೆಯಿಂದ ಪಡುವಣಕ್ಕೆ ಲಕ್ಕವಳ್ಳಿ, ಕೆಮ್ಮಣ್ಣುಗುಂಡಿಗಳ ಕಡೆ ಹೋದರೆ ಕಾಡು, ಬೆಟ್ಟ, ಬಿಡದ ಮಳೆ. ಕುರಿಗೆ ಒಣನೆಲ ಬೇಕು. ಕಂಬಳಿ ಹೆಚ್ಚಾಗಿ ಬೇಕಾದುದು ಮಳೆಯ ನೆಲಕ್ಕೆ. ಹೀಗೆ ಒಂದು ಕಡೆ ನೇಯ್ದುದನ್ನು ಇನ್ನೊಂದು ಕಡೆ ಹೊದೆಯುವ ಸಂಬಂಧವನ್ನು ನೆಲವೇ ಏರ್ಪಡಿಸಿದೆ. ಕುರಿಯ ತುಪ್ಪಟವನ್ನು ಕತ್ತರಿಸಿ, ಹಿಂಜಿ, ಮನೆಯ ಹೆಂಗಸರು ನೂಲುತ್ತಾರೆ. ಗಂಡಸರು ಹಾಸಿಗೆ ಹುಣಿಸೆಬೀಜದ ಗಂಜಿಯನ್ನು ಕುಂಚದಿಂದ ಬಳಿದು ನೇಯುತ್ತಾರೆ. ಮಗ್ಗದ ಅಗಲ ಕಿರಿದಾದ್ದರಿಂದ ಪಟ್ಟಿಗಳನ್ನು ಕೂಡಿಸಿ ಹೊಲಿಯುವುದುಂಟು. ಅದನ್ನು ಬಿಟ್ಟರೆ ಕತ್ತರಿಯಿಲ್ಲ, ದರ್ಜಿಯಿಲ್ಲ. ಒಂದು ತುದಿಯನ್ನು ಮಡಿಸಿ ಮೂಲೆ ಮಾಡಿ ತಲೆಯಮೇಲಿಂದ ಇಳಿಬಿಟ್ಟರೆ ಕೊಪ್ಪೆ. ಹಾಸಿದರೆ ಹಾಸಿಗೆ, ಕಟ್ಟಿದರೆ ಗಂಟು, ಹೆಗಲಮೇಲೆ ಮಡಿಸಿ ಹಾಕಿದರೆ ಊರಿನ ನಾಲ್ಕು ಜನರ ಮುಂದೆ ಮರ್ಯಾದೆ. ಲವನ ಉತ್ತರೀಯದ ಕುಲವೇ ಇದೂ.

ಇದು ಬಡವರ ಬಟ್ಟೆಯೆಂಬ ಕಾರಣದಿಂದ ವಿದ್ವಾಂಸರು ಬಿಟ್ಟಿರಬಹುದು. ಆದರೆ 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ, 1807ರಲ್ಲಿ ತನ್ನ ಪ್ರವಾಸವನ್ನು ಮೂರು ಸಂಪುಟಗಳಲ್ಲಿ ಅಚ್ಚುಹಾಕಿಸಿದ ಫ್ರಾನ್ಸಿಸ್ ಬುಕಾನನ್ನನು ಬಡಗಣ ನೆರೆಯ ಹರಿಹರ ದಾವಣಗೆರೆಗಳ ಕಂಬಳಿಯ ವಿಷಯವನ್ನು ವಿವರವಾಗಿ ಬರೆದಿದ್ದಾನೆ. ಕನ್ನಡನಾಡಿನ ಜನ ಬಹುಮಟ್ಟಿಗೆ ಎಲ್ಲರೂ ಇದನ್ನು ಹೊದೆಯುತ್ತಿದ್ದರೆಂದೂ, ಬಣ್ಣ ಹಾಕದೆ ಉಣ್ಣೆಯ ಸಹಜವಾದ ಬಣ್ಣದಲ್ಲೇ ನೇಯುತ್ತಿದ್ದರೆಂದೂ, ಉತ್ತಮವಾದುವು ಒಳ್ಳೆಯ ಕಪ್ಪು ಎಂದೂ ಅವನ ವರದಿ. ಹೊರಗಿನಿಂದ ಬಂದು ತೆರಿಗೆ, ಬೆಳೆ, ಕೈಗಾರಿಕೆಗಳ ಲೆಕ್ಕ ಬರೆಯುತ್ತಿದ್ದವನ ಕಣ್ಣಿಗೆ ಬಿದ್ದುದು ನಮ್ಮ ಕವಿಗಳ ವರ್ಣನೆಯೊಳಗೆ ಬೀಳಲಿಲ್ಲ. ಊಟದ ವಿಷಯದಲ್ಲಿ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ರಾಗಿಗೂ ಅಕ್ಕಿಗೂ ವ್ಯಾಜ್ಯ ಹೂಡಿಸಿ ರಾಗಿಯನ್ನು ಗೆಲ್ಲಿಸಿದರು. ಉಣಿಸಿಗೆ ದೊರೆತ ಆ ನ್ಯಾಯಸ್ಥಾನ ಉಡುಗೆಗೆ ದೊರೆಯಲಿಲ್ಲ.

ಕಾವ್ಯದಲ್ಲಿ ದೊರೆಯದ ಸ್ಥಾನವು ಆಚಾರದಲ್ಲಿ ದೊರೆತಿದೆ. ಹಾಲುಮತದವರಲ್ಲಿಯೂ ಇನ್ನು ಕೆಲವು ಒಕ್ಕಲುಗಳಲ್ಲಿಯೂ ದೇವರಕಾರ್ಯದಲ್ಲಿ ಕರಿಯ ಕಂಬಳಿಯನ್ನು ಮಡಿಸಿ ಹಾಸಿ ಗದ್ದಿಗೆ ಮಾಡುತ್ತಾರೆ. ಹಾಸಿದಮೇಲೆ ಅದು ಹೊದಿಕೆಯಲ್ಲ, ಪೀಠ. ಮದುವೆಯಲ್ಲಿ ಮಣಿಕಟ್ಟಿಗೆ ಕಟ್ಟುವ ಕಂಕಣವು ಉಣ್ಣೆಯದೋ ಹತ್ತಿಯದೋ ಎಂಬುದರಮೇಲೆ ಉಣ್ಣೆಕಂಕಣದವರು, ಹತ್ತಿಕಂಕಣದವರು ಎಂಬ ಭೇದವೇ ಕುರುಬರಲ್ಲಿ ಉಂಟು. ಒಂದು ಎಳೆಯ ನೂಲು ಕುಲದ ಗುರುತಾಗಿ ನಿಂತಿರುವಾಗ ಉಡುಗೆಯ ಅರ್ಥವನ್ನು ಬೇರೆಲ್ಲಿ ಹುಡುಕಬೇಕು? ದಸರೆಯಲ್ಲಿ ಕಾರ್ಣಿಕ ನುಡಿಯುವ ಬೀರೂರಿನ ಮೈಲಾರಲಿಂಗನ ಒಕ್ಕಲಾದ ಗೊರವರಿಗೂ ಕರಿಯ ಕಂಬಳಿಯ ನಿಲುವಂಗಿ ವೇಷದ ಮುಖ್ಯಭಾಗ. ಕಪ್ಪು ಅಮಂಗಳವೆಂಬ ಶಿಷ್ಟರ ಮಾತು ಇಲ್ಲಿ ನಡೆಯುವುದಿಲ್ಲ.

ಹಾಗೆಂದು ಇದನ್ನು ಶಿಷ್ಟರಿಗೆ ಎದುರಾದ ಪ್ರತ್ಯೇಕ ಸಂಸ್ಕೃತಿಯೆಂದು ಘೋಷಿಸಿಬಿಡುವವರ ಮಾತನ್ನೂ ನಾನು ಒಪ್ಪಲಾರೆ. ಜಾನಪದಾಭಿಮಾನದಿಂದ ಬರೆಯುವವರಲ್ಲಿ ಈ ಆತುರ ಹೆಚ್ಚು. ಕಂಬಲವೆಂಬ ಶಬ್ದವು ಅಥರ್ವವೇದದ 14ನೆಯ ಕಾಂಡದಲ್ಲಿ, ಅದೂ ವಿವಾಹದ ಸೂಕ್ತದಲ್ಲಿ ಬರುತ್ತದೆ. ಮದುವೆಯ ಹೊತ್ತಿನ ದುರಿತವನ್ನು ಕಂಬಲಕ್ಕೆ ಒರಸಿ ಕಳೆಯುವ ಮಾತು ಅಲ್ಲಿಯದು. ಅಲ್ಲಿ ದೋಷವನ್ನು ಹೀರುವ ವಸ್ತು, ಇಲ್ಲಿ ದೇವರನ್ನು ಕುಳ್ಳಿರಿಸುವ ವಸ್ತು. ಎರಡೂ ಕಡೆ ಉಣ್ಣೆಗೆ ಒಂದು ಶಕ್ತಿಯನ್ನು ಒಪ್ಪಿದಂತಾಯಿತು. ನಮ್ಮ ಅಗ್ರಹಾರಗಳಲ್ಲಿ ಹತ್ತಿಯ ಬಟ್ಟೆ ಒಗೆದು ಒಣಗಿಸಿದರೇ ಮಡಿ. ಧಾಬಳಿಗಾದರೆ ಆ ಕಟ್ಟು ಸಡಿಲ. ಧಾಬಳಿಯೂ ಉಣ್ಣೆ, ಕಂಬಳಿಯೂ ಉಣ್ಣೆ. ಒಂದೇ ಕುರಿಯ ಬೆನ್ನಿನಿಂದ ಅಗ್ರಹಾರದ ಮಡಿಯೂ ಹಟ್ಟಿಯ ಗದ್ದಿಗೆಯೂ ಇಳಿದುಬಂದಿರುವಾಗ, ಯಾರು ಯಾರಿಂದ ಪಡೆದರೆಂಬ ವಾದಕ್ಕಿಂತ ಇಬ್ಬರೂ ಏಕೆ ಉಣ್ಣೆಯನ್ನೇ ಹಿಡಿದರೆಂಬುದು ಹೆಚ್ಚು ಫಲಕಾರಿಯಾದ ಪ್ರಶ್ನೆಯೆಂದು ತೋರುತ್ತದೆ. ಕಂಬಳಿಯಲ್ಲಿ ಉಂಡು ಕೂದಲು ಆರಿಸಬಾರದೆಂಬ ಗಾದೆಯನ್ನು ನಮ್ಮ ಮೂಲಾನ್ವೇಷಕರು ನೆನೆಯುವುದು ಒಳ್ಳೆಯದು.

ಬಟ್ಟೆಯ ಚರಿತ್ರೆಯಲ್ಲಿ ಹೀಗೆ ಅರ್ಧವೇ ಪೂರ್ಣವಾಗಿ ನಿಲ್ಲುವುದು ನಮ್ಮಲ್ಲಿ ಮಾತ್ರವಲ್ಲ. ಜಪಾನಿನ ಕಿಮೊನೊ ಎಂದೊಡನೆ ರೇಷ್ಮೆಯೂ ಚಿತ್ರಗೆಲಸವೂ ಕಣ್ಣಮುಂದೆ ಬರುತ್ತವೆ. ಆ ಶಬ್ದದ ಅರ್ಥ ಉಡತಕ್ಕ ವಸ್ತು ಎಂದಿಷ್ಟೆ. 1872ರಲ್ಲಿ ಸರ್ಕಾರದ ಸಮಾರಂಭಗಳಿಗೆ ಪಾಶ್ಚಾತ್ಯ ಉಡುಪು ವಿಧಿಯಾಯಿತು. ಪರದೇಶದ ಉಡುಪು ಎದುರಿಗೆ ಬಂದು ನಿಂತಮೇಲೆ ಆ ಸಾಮಾನ್ಯನಾಮವು ರಾಷ್ಟ್ರದ ಗುರುತಾಗಿ ಬೆಳೆಯಿತು. ಕಿಮೊನೊ ಕೂಡ ಕಿರಿಯಗಲದ ಬಟ್ಟೆಯ ಒಂದು ಸುರುಳಿಯನ್ನು ವ್ಯರ್ಥವಾಗದಂತೆ ನೇರವಾಗಿ ಕತ್ತರಿಸಿ ಕೂಡಿಸಿದುದು. ಒಗೆಯುವಾಗ ಹೊಲಿಗೆಯನ್ನು ಬಿಚ್ಚಿ ಮತ್ತೆ ಒಂದೇ ಪಟ್ಟಿಯಾಗಿ ಜೋಡಿಸುವ ಪದ್ಧತಿಯೂ ಉಂಟು. ಮಗ್ಗದ ಅಗಲಕ್ಕೆ ಮೈ ಒಗ್ಗಬೇಕೇ ಹೊರತು ಮೈಗಾಗಿ ಬಟ್ಟೆಯನ್ನು ಹಾಳುಮಾಡಬಾರದೆಂಬ ಬುದ್ಧಿ ಅಲ್ಲಿಯೂ ಇಲ್ಲಿಯೂ ಒಂದೇ. ಆದರೆ ಉತ್ತರದ ತ್ಸುಗಾರು ಸೀಮೆಯಲ್ಲಿ ರೈತರಿಗೆ ಹತ್ತಿಯ ಬಟ್ಟೆ ನಿಷಿದ್ಧವಾಗಿದ್ದಾಗ, ನಾರಿನ ನೀಲಿ ಬಟ್ಟೆಯಮೇಲೆ ಬಿಳಿಯ ದಾರದಿಂದ ಒತ್ತಾಗಿ ಹೊಲಿದು ಚಳಿಯನ್ನು ತಡೆದ ಹೆಂಗಸರ ಕೆಲಸವನ್ನೂ, ಮಳೆಗೆ ಹುಲ್ಲಿನ ಹೊದಿಕೆಯನ್ನು ಹೆಣೆದವರನ್ನೂ ವಿದ್ವಾಂಸರು ಗಮನಿಸಿದುದು ತಡವಾಗಿ. ಯಾನಾಗಿ ಸೋಯೆತ್ಸುವೂ ಅವರ ಸಂಗಡಿಗರೂ ಇಂತಹವನ್ನು ಹುಡುಕಿ ಕೂಡಿಸಿ 1936ರಲ್ಲಿ ಟೋಕಿಯೋವಿನಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆದಮೇಲೆ ಅವು ಚರಿತ್ರೆಯೊಳಕ್ಕೆ ಬಂದುವು. ಹುಲ್ಲಿನ ಆ ಹೊದಿಕೆಯೂ ನಮ್ಮ ಕೊಪ್ಪೆಯೂ ಒಂದೇ ಮಳೆಗೆ ಎರಡು ನಾಡುಗಳು ಕೊಟ್ಟ ಉತ್ತರ.

ನಮ್ಮಲ್ಲಿ ಆ ಕೆಲಸಕ್ಕೆ ಹೊತ್ತು ಮೀರುತ್ತಿದೆ. ಕುರಿಯನ್ನು ಈಗ ಹೆಚ್ಚಾಗಿ ಮಾಂಸಕ್ಕಾಗಿ ಸಾಕುವುದರಿಂದ ಒರಟಾದ ಕರಿಯ ತುಪ್ಪಟಕ್ಕೆ ಕೊಳ್ಳುವವರು ಕಡಮೆ. ಗದ್ದಿಗೆಗೆ ಕಂಬಳಿ ಬೇಕು. ಮಳೆಗೆ ಪ್ಲಾಸ್ಟಿಕ್ಕಿನ ಹಾಳೆ ಸಾಕಾಗಿದೆ. ಉಪಯೋಗದಿಂದ ಹುಟ್ಟಿದ ಗೌರವವು ಉಪಯೋಗ ಹೋದಮೇಲೆಯೂ ಆಚಾರವಾಗಿ ಉಳಿಯುವುದನ್ನು ನಾವು ಕಣ್ಣೆದುರಿಗೇ ಕಾಣುತ್ತಿದ್ದೇವೆ. ಚರಿತ್ರೆಯ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಶಾಸನಗಳಲ್ಲಿ ದೊರೆಯದು. ಶಾಸನಗಳ ಮಗ್ಗದೆರೆ ಮಗ್ಗಕ್ಕೆ ತೆರಿಗೆಯಿತ್ತೆಂಬುದನ್ನು ಹೇಳುತ್ತದೆಯೇ ಹೊರತು ಅದರಮೇಲೆ ಏನು ಹಾಸಿತ್ತೆಂಬುದನ್ನು ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಮಗ್ಗದ ಮುಂದೆ ಕುಳಿತ ಮುದುಕರು. ವಿಮರ್ಶಕರಾದ ನಾವು ಕಾವ್ಯದಲ್ಲಿ ಧ್ವನಿಯು ಹಾಸುಹೊಕ್ಕಾಗಿದೆಯೆಂದು ದಿನವೂ ಬರೆಯುತ್ತೇವೆ. ಹಾಸು ಯಾವುದು, ಹೊಕ್ಕು ಯಾವುದು, ಗಂಜಿ ಬೀಳುವುದು ಯಾವುದಕ್ಕೆ ಎಂಬುದನ್ನು ತರೀಕೆರೆಯ ಕಡೆಯ ಒಬ್ಬ ನೇಕಾರನನ್ನು ಕೇಳಿ ಬರೆದುಕೊಳ್ಳುವ ಕೆಲಸವು, ಆ ಸೀಮೆಯ ಶಾಲೆಗಳಲ್ಲಿ ಲವನ ಪಾಠವನ್ನು ಹೇಳುವ ಪಂಡಿತರಿಂದಲೇ ಮೊದಲಾಗಬಹುದು.